ಜಾಗ ಖಾಲಿ ಹೋಗಬಾರದು

ಸಾಮಾನು ಹಡಗಿನಲ್ಲಿದೆ, ಸಾಮಾನು ಬಂದರಿನಲ್ಲಿದೆ, ಸಾಮಾನು ಇನ್ನೇನು ಬಂತು ಎನ್ನುವ ಮಾತು ಕೇಳಿ ಕೇಳಿ ಬೈಂಡರಮ್ಮನ ಕಿವಿ ತೂತು ಬಿದ್ದಿತ್ತು. ಪರದೇಶಕ್ಕೆ ಬಂದು ಒಂದು ಚಳಿಗಾಲವೇ ಕಳೆದುಹೋಗಿತ್ತು. ಅಲ್ಲಿಯವರೆಗೂ ಆ ಮೂರನೇ ಮಹಡಿಯ ಮನೆಯಲ್ಲಿ ಇದ್ದದ್ದು ರಾತ್ರಿ ಗಾಳಿ ತುಂಬಿದರೆ ಹಾಸಿಗೆಯಾಗಿ ಬೆಳಗಾಗುವಷ್ಟರಲ್ಲಿ ಚಾಪೆಯಾಗುವ ಒಂದು ಪ್ಲಾಸ್ಟಿಕ್ಕು, ಒಂದು ಬಾಣಲೆ, ಎರಡು ತಟ್ಟೆ ಮತ್ತು ಒಬ್ಬ ಗಂಡ. ಬಾಣಲೆಯೇ ವಾಸಿ. ಬಿಸಿಯಾದಾಗಲಾದರೂ ಚುರ್ ಅನ್ನುತ್ತಿತ್ತು.

ಗಂಡ ಅಲ್ಲಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವನು. ಊರವರ ಮೂಳೆಗಳನ್ನೆಲ್ಲ ಬೆಳಕಿಗೆ ಹಿಡಿದು ನೋಡುವ ಈ ಮನುಷ್ಯನ ಬೆನ್ನೊಳಗೆ ಮೂಳೆ ಅನ್ನುವುದು ಇದೆಯೋ ಇಲ್ಲವೋ, ತೆಗೆದು ನೋಡಿದವರು ಯಾರೂ ಇರಲಿಲ್ಲ. ಕೆಟ್ಟವನೇನಲ್ಲ. ಕುಡಿಯುವವನಲ್ಲ, ಕೈ ಎತ್ತುವವನಲ್ಲ. ಯಾರು ಏನು ಹೇಳಿದರೂ ಕೋಲೆಬಸವನ ಹಾಗೆ ಗೋಣಾಡಿಸುವವನು, ಅಷ್ಟೇ. ಅಮ್ಮ ಹೇಳಿದರೆ ಅಮ್ಮನಿಗೆ, ಅಣ್ಣ ಹೇಳಿದರೆ ಅಣ್ಣನಿಗೆ, ಹೆಂಡತಿ ಹೇಳಿದರೆ ಹೆಂಡತಿಗೆ. ಮೂವರೂ ಒಟ್ಟಿಗೆ ಹೇಳಿದರೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡುಬಿಡುತ್ತಿದ್ದ.

ಅವಳಿಗೆ ಬೈಂಡರಮ್ಮ ಎಂದು ಹೆಸರಿಟ್ಟವರು ಗಂಡನ ಮನೆಯವರು, ಅದೂ ಮೆಚ್ಚಿ ಇಟ್ಟದ್ದಲ್ಲ. ಅಪ್ಪ ಪುಸ್ತಕ ಕಟ್ಟುವವನು, ಮಗಳೂ ಪುಸ್ತಕ ಕಟ್ಟುವವಳು. ಹರಿದ ಪುಸ್ತಕವನ್ನು ಬಿಚ್ಚಿ, ಮತ್ತೆ ಹೊಲಿದು, ಬೆನ್ನಿಗೆ ಬಟ್ಟೆ ಅಂಟಿಸಿ, ರಟ್ಟು ಹಾಕಿ, ಪ್ರೆಸ್ಸಿನಲ್ಲಿಟ್ಟು ಬಿಗಿಯುವ ಕೆಲಸ. ಆ ಪ್ರೆಸ್ಸು ಅಪ್ಪನದು. ಎರಕದ ಕಬ್ಬಿಣದ ದಪ್ಪ ತಳ, ಅದರ ಮೇಲಿಳಿಯುವ ದಪ್ಪ ಹಲಗೆ, ತಲೆಯ ಮೇಲೆ ತಿರುಗಿಸಲು ಒಂದು ಚಕ್ರ. ಚಕ್ರದ ಒಂದು ಕಡೆ ಮಾತ್ರ ಬಣ್ಣ ಸವೆದು ಲಕಲಕ ಹೊಳೆಯುತ್ತಿತ್ತು. ಸವೆಸಿದ್ದು ಅಪ್ಪನ ಅಂಗೈ. ಅಪ್ಪ ಹೋದ ಮೇಲೆ ಅಣ್ಣಂದಿರು ಮನೆ ಹಂಚಿಕೊಂಡರು. ಇವಳು ನನಗೆ ಪ್ರೆಸ್ಸು ಸಾಕು ಎಂದಳು. ಪೆದ್ದಿ ಎಂದು ಅವರು ಒಳಗೊಳಗೇ ನಕ್ಕು ಲಾರಿ ಬಾಡಿಗೆಯನ್ನೂ ಕೊಟ್ಟು ಕಳಿಸಿದ್ದರು.

ಪರದೇಶಕ್ಕೆ ಹೊರಟಾಗ ಆಸ್ಪತ್ರೆಯವರು ಸಾಮಾನಿಗೆಂದು ಕೋಣೆಯಷ್ಟು ದೊಡ್ಡ ಕಬ್ಬಿಣದ ಕಂಟೇನರನ್ನೇ ಗೊತ್ತುಮಾಡಿಕೊಟ್ಟಿದ್ದರು. ಗಂಡ ಹೆಂಡತಿ ಮುಂಚೆ ವಿಮಾನ ಹತ್ತಬೇಕಾಗಿ ಬಂದು, ತುಂಬಿಸುವ ಹೊಣೆ ಗಂಡನ ಅಣ್ಣನ ಹೆಗಲಿಗೆ ಬಿತ್ತು. ಇವನನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ಕಸುಬಿನಿಂದಲ್ಲ, ಎಲ್ಲಿ ನಾಲ್ಕು ಜನ ಕೆಲಸ ಮಾಡುತ್ತಿದ್ದರೂ ಅಲ್ಲಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಲ್ಲುವ ಚಟದಿಂದ. ಬೈಂಡರಮ್ಮ ಪ್ರೆಸ್ಸಿಗೆ ತನ್ನ ಕೆಂಪು ಕಂಬಳಿ ಸುತ್ತಿ, ಬಾಗಿಲ ಪಕ್ಕದಲ್ಲೇ ಇರಿಸಿ, "ಭಾವ, ಬೇರೇನ್ ಬಿಟ್ರೂ ಪರ್ವಾಗಿಲ್ಲ, ಇದೊಂದು ಹೋಗ್ಲೇಬೇಕು" ಎಂದು ಹೇಳಿ, ಗಂಡನ ಬಾಯಲ್ಲೂ ಹೇಳಿಸಿ ಬಂದಿದ್ದಳು. "ಅದೇನ್ ಹೇಳ್ತೀಯಮ್ಮಾ, ನಾನಿಲ್ವಾ?" ಎಂದಿದ್ದ ಮೇಸ್ತ್ರಿ ಭಾವ. ಅವನು ಇದ್ದದ್ದೇ ಆಮೇಲೆ ತೊಂದರೆಯಾದದ್ದು.

ಹೊಸ ಮನೆಯ ಬೀದಿಯ ತುದಿಯಲ್ಲಿ ಒಂದು ಗ್ರಂಥಾಲಯವಿತ್ತು. ಗೋಡೆ ನೋಡಿ ನೋಡಿ ಸಾಕಾಗಿ ಅಲ್ಲಿಗೆ ಹೋದ ಬೈಂಡರಮ್ಮ, ಓದಲು ಬಾರದ ಭಾಷೆಯ ಪುಸ್ತಕಗಳ ಬೆನ್ನು ಸವರುತ್ತ ನಿಲ್ಲುತ್ತಿದ್ದಳು. ಕದಿಯಲು ಬಂದವಳೇನೋ ಎಂದು ಹತ್ತಿರ ಬಂದ ಗ್ರಂಥಾಲಯದ ಹೆಂಗಸಿಗೆ ಅರ್ಧ ಮಾತಿನಲ್ಲಿ, ಅರ್ಧ ಕೈಸನ್ನೆಯಲ್ಲಿ ತನ್ನ ಕಸುಬು ತಿಳಿಸಿದಳು. ಆ ಹೆಂಗಸು ಹಿಂದಿನ ಕೋಣೆಯ ಬಾಗಿಲು ತೆರೆದಳು. ನೆಲದಿಂದ ಸೂರಿನವರೆಗೂ ಬೆನ್ನು ಮುರಿದ, ರಟ್ಟು ಕಳಚಿದ ಪುಸ್ತಕಗಳು. ಗಿಡಮರಗಳ ಚಿತ್ರವಿದ್ದ ದಪ್ಪ ಪುಸ್ತಕವೊಂದನ್ನು ಕೈಗಿಟ್ಟು, ಇದನ್ನು ಕಟ್ಟಿ ತೋರಿಸು, ಚೆನ್ನಾಗಿದ್ದರೆ ಈ ಕೋಣೆಯ ಕೆಲಸವೆಲ್ಲ ನಿನ್ನದು ಎಂದಳು. ಸಾಮಾನು ಬರಲಿ ಎಂದು ಅವಳೂ ಪಾಪ ವಾರಗಟ್ಟಲೆ ಕಾದಳು. ಕೊನೆಗೆ, ಮೇಲಿನವರು ಕೇಳುತ್ತಿಲ್ಲ, ಬರುವ ಸೋಮವಾರದೊಳಗೆ ತರದಿದ್ದರೆ ಎಲ್ಲವನ್ನೂ ಬೇರೆ ಊರಿನ ಕಾರ್ಖಾನೆಗೆ ಕಳಿಸುತ್ತಾರೆ ಎಂದು ಹೇಳಿಬಿಟ್ಟಳು.

ಹೊಲಿಗೆಗೆ ಸೂಜಿ ದಾರ ಸಾಕು; ಅದನ್ನು ಮಂಡಿಯ ಮೇಲಿಟ್ಟುಕೊಂಡೇ ಮುಗಿಸಿದ್ದಳು. ರಟ್ಟನ್ನೂ ಕತ್ತರಿಸಿ ಬಟ್ಟೆ ಹೊದಿಸಿದ್ದಳು. ಅಂಟು ಹಚ್ಚಿ ಪ್ರೆಸ್ಸಿನಲ್ಲಿ ಬಿಗಿಯುವುದೊಂದೇ ಬಾಕಿ. ಬಿಗಿಯದಿದ್ದರೆ ಒದ್ದೆ ರಟ್ಟು ಬಿಸಿಲಿಗೆ ಬಿದ್ದ ಎಲೆಯ ಹಾಗೆ ಮುರುಟಿಕೊಳ್ಳುತ್ತದೆ, ಅಲ್ಲಿಗೆ ಪಟ್ಟ ಶ್ರಮವೆಲ್ಲ ನೀರುಪಾಲು. ಹೊಸ ಪ್ರೆಸ್ಸು ಕೊಳ್ಳುವುದು ಕನಸಿನ ಮಾತು. ಆ ಹಿಂದಿನ ಕೋಣೆ ಸಿಕ್ಕರೆ ಅವಳು ಈ ಊರಿನಲ್ಲೂ ಬೈಂಡರಮ್ಮ. ಸಿಗದಿದ್ದರೆ ಎಕ್ಸ್‌ರೇಯವನ ಹೆಂಡತಿ, ದಿನವಿಡೀ ಬಾಗಿಲ ಕಡೆ ನೋಡಿಕೊಂಡು ಕೂರುವವಳು. ಅದಕ್ಕಿಂತ ಆ ಬಾಣಲೆಯಾಗಿ ಹುಟ್ಟಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಎಷ್ಟೋ ಸಲ ಅನ್ನಿಸಿತ್ತು.

ಗಂಡ ತಾನೇ ಮುಂದಾಗಿ, ಯಾರೋ ಬೀದಿಗೆ ಹಾಕಿದ್ದ ಗಟ್ಟಿ ಮೇಜೊಂದನ್ನು ಏದುಸಿರು ಬಿಡುತ್ತ ಮೂರು ಮಹಡಿ ಹೊತ್ತು ತಂದಿದ್ದ. ಕಿಟಕಿಯ ಕೆಳಗಿಟ್ಟು, ಅಲುಗಾಡುವ ಕಾಲಿಗೆ ಕಾಗದ ಮಡಿಸಿ ಸಿಕ್ಕಿಸಿ, "ಇಲ್ಲಿ ಬೆಳಕು ಚೆನ್ನಾಗಿದೆ, ಪ್ರೆಸ್ಸು ಇಲ್ಲೇ ಇರ್ಲಿ" ಎಂದಿದ್ದ. ಅವತ್ತು ಅವಳಿಗೆ ಅವನ ಮೇಲೆ ನಿಜವಾಗಿ ಪ್ರೀತಿ ಉಕ್ಕಿಬಂದಿತ್ತು. ಏನು ಮಾಡುವುದು, ಹೆಂಗಸರಿಗೆ ಒಂದೊಂದು ಸಲ ಹಾಗಾಗುತ್ತದೆ.

ಶನಿವಾರ ಬೆಳಿಗ್ಗೆ ಲಾರಿ ಬಂತು. ಸಾಮಾನು ಹೊರುವ ಇಬ್ಬರು ಗಟ್ಟಿಮುಟ್ಟಾದ ಆಳುಗಳು ಮಾತಿಲ್ಲದೆ ಹತ್ತಿ ಇಳಿಯತೊಡಗಿದರು. ಬೈಂಡರಮ್ಮ ಸೆರಗು ಸಿಕ್ಕಿಸಿ ಬಾಗಿಲಲ್ಲಿ ನಿಂತಳು.

ಮೊದಲು ಬಂದದ್ದು ಅತ್ತೆಯ ಗಾಜಿನ ಬೀರು, ಗಾಜಿಲ್ಲದೆ. ಅದರ ಹಿಂದೆ ಭಾವನ ಮನೆಯಲ್ಲಿ ಕೆಟ್ಟು ಕೂತಿದ್ದ, ಬೆನ್ನಿಗೆ ಗೂನು ಇರುವ ಹಳೇ ಕಾಲದ ಟೀವಿ. ಅದರ ಹಿಂದೆ ತಳ ತೂತಾದ ತಾಮ್ರದ ಹಂಡೆ. ಆಮೇಲೆ ರುಬ್ಬುವ ಕಲ್ಲಿನ ಗುಂಡು ಬಂತು, ಗುಂಡು ಮಾತ್ರ; ಒರಳು ಭಾರವೆಂದು ಬಿಟ್ಟಿದ್ದರು. ಒರಳಿಲ್ಲದ ಗುಂಡನ್ನು ಸಮುದ್ರ ದಾಟಿಸಿದ ಬುದ್ಧಿವಂತಿಕೆಗೆ ಕೈ ಮುಗಿಯಬೇಕು. ಯಾರ ಯಾರ ಮದುವೆಗೋ ಬಂದ ಗೋಡೆ ಗಡಿಯಾರಗಳು ಬಂದವು, ಒಂದೂ ನಡೆಯುವುದಲ್ಲ. ಓರಗಿತ್ತಿಯ ಮಕ್ಕಳು ಮಲಗಿ ಎದ್ದ ತೊಟ್ಟಿಲೂ ಬಂತು. ಬೈಂಡರಮ್ಮನಿಗೆ ಮಕ್ಕಳಿರಲಿಲ್ಲ. ಆ ತೊಟ್ಟಿಲಲ್ಲಿ ಒಂದು ಚುಚ್ಚುಮಾತೂ ಹಾಯಾಗಿ ಮಲಗಿ ಬಂದಿತ್ತು.

ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಅನ್ನುವ ಜನರನ್ನು ಎಲ್ಲರೂ ಕಂಡಿದ್ದಾರೆ. ಇವರು ಅವರಿಗಿಂತ ಒಂದು ಕೈ ಮೇಲು. ಪುಕ್ಕಟೆ ಜಾಗ ಸಿಕ್ಕಿತೆಂದು ಮನೆಯ ಅಟ್ಟ ಗುಡಿಸಿ ಕಸವನ್ನೇ ಕಳಿಸಿದ್ದರು. "ಜಾಗ ಖಾಲಿ ಹೋಗ್ಬಾರ್ದು ನೋಡು, ಅದಕ್ಕೆ ಅಚ್ಚುಕಟ್ಟಾಗಿ ತುಂಬಿದೀನಿ" ಎಂದು ಮೇಸ್ತ್ರಿ ಭಾವ ಫೋನಿನಲ್ಲಿ ಕೊಚ್ಚಿಕೊಂಡದ್ದರ ಅರ್ಥ ಅವಳಿಗೆ ಈಗ ಆಯಿತು. ಅವಳದೇ ಪಾತ್ರೆ, ಅವಳದೇ ಬಟ್ಟೆಯ ಪೆಟ್ಟಿಗೆ ಮೂಲೆಯಲ್ಲೆಲ್ಲೋ ಬಡವರ ನೆಂಟರ ಹಾಗೆ ಮುದುರಿಕೊಂಡು ಬಂದಿದ್ದವು. ಇರಲಿ, ಪ್ರೆಸ್ಸೊಂದು ಬಂದರೆ ಸಾಕು ಎಂದು ಅವಳು ಹಲ್ಲು ಕಚ್ಚಿಕೊಂಡಳು.

ಕಡೆಗೆ ಇಬ್ಬರೂ ಸೇರಿ ಹೊರಬೇಕಾದ ಒಂದು ಭಾರದ ಕಟ್ಟು ಮೇಲೆ ಬಂತು. ಸುತ್ತ ಅವಳ ಕೆಂಪು ಕಂಬಳಿ! ಬೈಂಡರಮ್ಮ "ಬಂದ್ಯಾ" ಎಂದು ಬಾಯಿಬಿಟ್ಟೇ ಅಂದುಬಿಟ್ಟಳು. ಮೇಜಿನ ಹತ್ತಿರ ಇಳಿಸಿ ಎಂದು ಕೈತೋರಿಸಿ, ಆಳುಗಳು ಬೆನ್ನು ನೆಟ್ಟಗೆ ಮಾಡಿಕೊಳ್ಳುವಷ್ಟರಲ್ಲಿ ಹಗ್ಗ ಕತ್ತರಿಸಿ ಕಂಬಳಿ ಸರಿಸಿದಳು.

ಒಳಗಿದ್ದದ್ದು ಉಯ್ಯಾಲೆ. ಗಂಡನ ಮನೆಯ ನಡುಮನೆಯಲ್ಲಿ ತೂಗುತ್ತಿದ್ದ ದಪ್ಪ ತೇಗದ ಮಣೆ, ಅದರ ಹಿತ್ತಾಳೆ ಸರಪಳಿಗಳು, ಕೊಂಡಿಗಳು. ಮಣೆಗೆ ಹೊಸದಾಗಿ ಎಣ್ಣೆ ಬೇರೆ ಹಚ್ಚಿದ್ದರು.

ಅವಳು ಗಂಡನ ಮುಖ ನೋಡಿದಳು. ಅವನು ಅವಳನ್ನಾಗಲಿ ಮಣೆಯನ್ನಾಗಲಿ ನೋಡುತ್ತಿರಲಿಲ್ಲ. ತಲೆಯೆತ್ತಿ, ಕೊಕ್ಕೆ ಎಲ್ಲಿ ಹೊಡೆಯುವುದು ಎಂದು ಸೂರು ನೋಡುತ್ತಿದ್ದ.

"ಇದೇನ್ರೀ ಇದು?" ಎಂದಳು.

"ನಾನೇನೂ ಕಳ್ಸಿ ಅನ್ಲಿಲ್ಲ" ಎಂದ ಅವನು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವಳು ಕೆಳಗಿಳಿದು ಹೋಗಿ ಲಾರಿಯೊಳಗೇ ಹತ್ತಿ ನೋಡಿದಳು. ಒಂದಷ್ಟು ಹಗ್ಗ, ಒಂದಿಷ್ಟು ಧೂಳು. ಆಳುಗಳಲ್ಲಿ ಹಿರಿಯನು ಇವಳೇನೋ ಕಳೆದುಕೊಂಡಿದ್ದಾಳೆಂದು ತಿಳಿದು ತಾನೂ ಬಗ್ಗಿ ಹುಡುಕಿದ. ಅವನಿಗಿದ್ದಷ್ಟು ಕರುಳು ಮನೆಯವರಿಗೆ ಇರಲಿಲ್ಲವಲ್ಲ ಎಂದು ಅವಳಿಗೆ ಹೊಟ್ಟೆ ಉರಿದುಹೋಯಿತು.

ಮೇಲೆ ಬಂದು ಬಾಗಿಲು ಹಾಕಿದಳು. "ಪ್ರೆಸ್ಸೆಲ್ಲಿ?"

"ಅದು... ಜಾಗ ಸಾಲ್ಲಿಲ್ವಂತೆ."

"ಗೂನು ಟೀವಿಗೆ ಸಾಕಾಯ್ತು. ತೂತು ಹಂಡೆಗೆ ಸಾಕಾಯ್ತು."

"ಕೊನೇಲಿ ಬಾಗಿಲ ಹತ್ರ ಒಂದಕ್ಕೆ ಮಾತ್ರ ಜಾಗ ಉಳೀತಂತೆ. ಉಯ್ಯಾಲೆನೋ ಪ್ರೆಸ್ಸೋ ಅಂತ ಅಣ್ಣ ಫೋನ್ ಮಾಡಿ ಕೇಳ್ದ. ಅಮ್ಮ ಪಕ್ಕದಲ್ಲೇ ಅಳ್ತಿದ್ರು. ನನ್ನ ಮಗ ಅಲ್ಲೂ ಉಯ್ಯಾಲೆ ಮೇಲೆ ಕೂತ್ಕೋಬೇಕು ಅಂತ..."

"ನೀವೇನಂದ್ರಿ?"

ಅವನು ಶರ್ಟಿನ ಗುಂಡಿ ತಿರುಗಿಸಿದ. "ನಿಮಗೆ ಹೆಂಗ್ ಸರಿ ಅನ್ಸುತ್ತೋ ಹಂಗ್ ಮಾಡಿ ಅಂದೆ."

"ಯಾವಾಗ ಇದು?"

"ನಾವು ಬಂದ ಹೊಸದ್ರಲ್ಲಿ."

ಅಂದರೆ ಮೇಜು ಹೊತ್ತು ತರುವಾಗ ಅವನಿಗೆ ಗೊತ್ತಿತ್ತು. ಕಾಲಿಗೆ ಕಾಗದ ಸಿಕ್ಕಿಸುವಾಗ ಗೊತ್ತಿತ್ತು. ಇಲ್ಲಿ ಬೆಳಕು ಚೆನ್ನಾಗಿದೆ ಎನ್ನುವಾಗಲೂ ಗೊತ್ತಿತ್ತು.

"ಮತ್ತೆ ಈ ಮೇಜು ಯಾತಕ್ರೀ? ನಿಮ್ಮ ತಲೆ ಇಡಕ್ಕಾ?"

"ನೀನು ಅಷ್ಟು ಖುಷಿಯಾಗಿದ್ದೆ. ಬೇಜಾರು ಮಾಡೋದು ಬೇಡ ಅಂತ... ಹೇಳೋಣ ಹೇಳೋಣ ಅಂತ ಇದ್ದೆ."

"ಈಗದು ಎಲ್ಲಿದೆ? ಅದನ್ನಾದ್ರೂ ಹೇಳಿ."

"ಅಂಗಳದಲ್ಲಿ ತುಕ್ಕು ಹಿಡಿಯುತ್ತೆ ಅಂತ ಅಣ್ಣ ಗುಜರಿಯವನಿಗೆ ಕೊಟ್ನಂತೆ. ಹಳೇ ಕಬ್ಬಿಣ ಅಲ್ವಾ..."

ಬೈಂಡರಮ್ಮ ಗೋಡೆಗೆ ಒರಗಿ ಕುಸಿದು ಕೂತಳು. ಎಷ್ಟೋ ವರ್ಷ ಆ ಚಕ್ರದ ಸವೆದ ಜಾಗದಲ್ಲೇ ಅಂಗೈ ಇಟ್ಟು ತಿರುಗಿಸಿದವಳು. "ನಮ್ಮಪ್ಪನ್ನ ಗುಜರಿಗೆ ಹಾಕ್ಬಿಟ್ರಲ್ರೀ" ಎಂದು ಒಂದೇ ಮಾತು ಅಂದಳು. ಆಮೇಲೆ ಬಾಯಿಗೆ ಕಂಬಳಿಯ ಚುಂಗು ತುರುಕಿಕೊಂಡು ಅತ್ತಳು. ಗಂಡ ಏನು ಮಾಡಬೇಕೋ ತೋಚದೆ ಹತ್ತಿರ ನಿಂತಿದ್ದ. ಹೇಳಿಕೊಡುವವರು ಯಾರೂ ಇರಲಿಲ್ಲ, ಪಾಪ.

ಇಷ್ಟಾದರೂ ಸಂಜೆ ಹೊತ್ತಿಗೆ ಅವನು ಸ್ಟೂಲು ಹತ್ತಿ ಸೂರನ್ನು ಬೆರಳಿನಿಂದ ತಟ್ಟಿ ತಟ್ಟಿ ನೋಡುತ್ತಿದ್ದ. ಅಮ್ಮನಿಗೆ ನಾಳೆ ಉಯ್ಯಾಲೆ ತೋರಿಸುತ್ತೇನೆಂದು ಮಾತು ಕೊಟ್ಟಿದ್ದನಂತೆ. ಸೂರು ಡಬಡಬ ಎಂದಿತು. ಈ ಊರಿನ ಮನೆಗಳ ಸೂರೆಲ್ಲ ಟೊಳ್ಳು ಹಲಗೆ. ಕೊಕ್ಕೆ ಹೊಡೆದರೆ ಉಯ್ಯಾಲೆಯ ಜೊತೆ ಮೇಲಿನ ಮನೆಯವರೂ ಕೆಳಗಿಳಿದು ಬರುತ್ತಿದ್ದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವೇ ಬೇಕಾದ ಜನ, ಆ ಜುಟ್ಟಾದರೂ ಇದೆಯೇ ಎಂದು ಮೊದಲು ತಲೆ ಮುಟ್ಟಿ ನೋಡಿಕೊಳ್ಳಬಾರದೇ?

ಭಾನುವಾರ ಬೆಳಿಗ್ಗೆ ಬೈಂಡರಮ್ಮ ಎದ್ದು, ಮುಖ ತೊಳೆದು, ಅಂಟು ಕಲಸಿದಳು. ಅಳುತ್ತ ಕೂತರೆ ಕೋಣೆ ಕಾರ್ಖಾನೆಯವರ ಪಾಲಾಗುತ್ತದೆ. ರಟ್ಟಿಗೆ ಅಂಟು ಸವರಿ, ಪುಸ್ತಕ ಕೂರಿಸಿ, ಬೆನ್ನನ್ನು ಹೆಬ್ಬೆರಳಿನಿಂದ ತೀಡಿದಳು. ಈಗ ಭಾರ ಬೇಕು. ಪುಸ್ತಕದ ಮೇಲಿಡಲು ಸಮತಟ್ಟಾಗಿ ಗಟ್ಟಿಯಾಗಿ ಇದ್ದದ್ದು ಒಂದೇ, ಆ ಉಯ್ಯಾಲೆ ಮಣೆ. ಪುಸ್ತಕವನ್ನು ನೆಲದ ಮೇಲಿಟ್ಟು, ಮೇಲೆ ಮಣೆ ಇಟ್ಟು, ಅದರ ಮೇಲೆ ಗುಂಡು ಇಟ್ಟಳು. ಗುಂಡು ಉರುಳಿಕೊಂಡು ಬೀರುವಿನ ಕಡೆ ಹೋಯಿತು. ಟೀವಿ ಇಟ್ಟಳು. ಗೂನಿನ ಭಾರಕ್ಕೆ ಅದು ಹಿಂದಕ್ಕೆ ವಾಲಿತು. ಹಂಡೆಗೆ ನೀರು ತುಂಬೋಣವೆಂದರೆ ತಳವೇ ತೂತು. ಅಷ್ಟೆಲ್ಲ ಹೇರಿ ಕಳಿಸಿದ್ದಾರೆ, ಒಂದಕ್ಕಾದರೂ ಮೈಬಗ್ಗಿಸಿ ದುಡಿಯುವ ಯೋಗ್ಯತೆ ಬೇಡವೇ!

ಅವಳು ಗಂಡನನ್ನು ಮೇಲಿಂದ ಕೆಳಗೆ ನೋಡಿದಳು. ಆಸ್ಪತ್ರೆಯ ಕ್ಯಾಂಟೀನು ಅವನಿಗೆ ಒಗ್ಗಿತ್ತು.

"ಬನ್ನಿ, ಇದರ ಮೇಲೆ ಕೂತ್ಕೊಳ್ಳಿ."

"ನಾನಾ?"

"ಇನ್ಯಾರು? ನಿಮಗೋಸ್ಕರ ತಾನೇ ಕಳಿಸಿರೋದು. ಸರಿಯಾಗಿ ನಡುವೆ ಕೂತ್ಕೊಳ್ಳಿ. ಅಂಟು ಕಚ್ಚೋವರ್ಗೂ ಅಲ್ಲಾಡ್ಬೇಡಿ. ನೀವು ಅಲ್ಲಾಡಿದ್ರೆ ಪುಸ್ತಕ ಸೊಟ್ಟಗಾಗುತ್ತೆ, ಸೊಟ್ಟಗಾದ್ರೆ ಆ ಕೆಲಸ ಹೋಗುತ್ತೆ. ಇಷ್ಟು ತಿಳೀತಾ?"

ತಿಳಿಯಿತೆಂದು ಗೋಣಾಡಿಸಿ ಅವನು ಕೂತ. ಮಂಡಿ ಎದೆಗೆ ತಾಗುವಂತೆ ಮುದುರಿಕೊಂಡು, ಉಸಿರನ್ನೂ ಬಿಗಿಹಿಡಿದು ಕೂತ. ಕಾಲು ಜೋಮು ಹಿಡಿದಾಗಲೂ ಕಮಕ್ ಕಿಮಕ್ ಅನ್ನಲಿಲ್ಲ. ಬೈಂಡರಮ್ಮ ಎದುರಿಗೆ ನೆಲದ ಮೇಲೆ ಕೂತು ರಟ್ಟಿನ ಅಂಚನ್ನೇ ನೋಡುತ್ತಿದ್ದಳು. ಅಂಚು ನೇರವಾಗಿತ್ತು. ಪ್ರೆಸ್ಸಿನ ಋಣ ಇವನ ಮೈಯಿಂದಲೇ ತೀರುವುದಾದರೆ ತೀರಲಿ, ನಾಳೆ ಒಂದು ದಿನದ ಮಟ್ಟಿಗಾದರೂ ಇವನನ್ನು ಕ್ಷಮಿಸಬಹುದೇನೋ ಎಂಬ ಯೋಚನೆ ಅವಳ ತಲೆಯಲ್ಲಿ ಸುಳಿದು ಹೋಯಿತು.

ಅಷ್ಟರಲ್ಲಿ ಅವನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಊರಿನಿಂದ ವೀಡಿಯೋ ಕರೆ. ತೆರೆಯ ತುಂಬ ಮೇಸ್ತ್ರಿ ಭಾವನ ಮೂಗು, ಅದರ ಹಿಂದೆ ಅತ್ತೆಯ ಅರ್ಧ ಮುಖ.

"ಏನೋ, ಉಯ್ಯಾಲೆ ಹಾಕಿದ್ಯೇನೋ? ಎಲ್ಲಿ, ಅಮ್ಮಂಗೆ ತೋರ್ಸು!"

"ಅದರ ಮೇಲೇ ಕೂತಿದೀನಿ ಅಣ್ಣ."

"ಎಲ್ಲೋ? ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತಂಗಿದೆ. ಸರಪಳಿ ಕಾಣ್ಸಲ್ಲ ಏನಿಲ್ಲ. ಏಳು ಮೇಲೆ, ಎದ್ದು ಸರಿಯಾಗಿ ತೋರ್ಸು."

"ಏಳ್ಬೇಡಿ" ಎಂದಳು ಬೈಂಡರಮ್ಮ ಮೆಲ್ಲಗೆ. "ಈಗ ಎದ್ರೆ ಎಲ್ಲಾ ಹೋಯ್ತು. ದಯವಿಟ್ಟು ಏಳ್ಬೇಡಿ."

ಅವನು ಅವಳನ್ನು ನೋಡಿದ. ಫೋನು ನೋಡಿದ. ಹಣೆಯ ಮೇಲೆ ಬೆವರು ಮೂಡಿತು.

"ಏಳೋ ಅಂದ್ರೆ!" ಎಂದು ಅಲ್ಲಿಂದ ಗದರಿತು ದನಿ.

ಎದ್ದುಬಿಟ್ಟ.

ಮಣೆ ಒಂದು ಕಡೆಗೆ ಎತ್ತಿಕೊಂಡು ದಡಾರನೆ ಬಿತ್ತು. ಬೈಂಡರಮ್ಮ ಮುಗ್ಗರಿಸಿ ಹೋಗಿ ಪುಸ್ತಕ ಹಿಡಿದಳು. ಮೇಲಿನ ರಟ್ಟು ಅರ್ಧ ಬೆರಳು ಜಾರಿತ್ತು, ಅಂಟು ಇನ್ನೂ ಹಸಿಯಾಗಿತ್ತು. ಅವಳು ಉಸಿರಾಡದೆ ರಟ್ಟನ್ನು ಎಳೆದು ಜಾಗಕ್ಕೆ ತಂದಳು, ಬೆನ್ನು ತೀಡಿದಳು, ಮೂಲೆಗೆ ಮೂಲೆ ಕೂಡಿಸಿದಳು, ಮಣೆಯನ್ನು ಮತ್ತೆ ಮೇಲಿಟ್ಟಳು. ಇಟ್ಟು, ತಾನೇ ಅದರ ಮೇಲೆ ಕೂತಳು. ಅವಳದು ಕಡ್ಡಿ ಮೈ, ಭಾರ ಸಾಲದು. ಕೈ ಚಾಚಿ ಬೀರುವಿನ ಬುಡದಲ್ಲಿದ್ದ ಗುಂಡನ್ನು ಎಳೆದುಕೊಂಡು, ಹಲ್ಲು ಕಚ್ಚಿ ಎತ್ತಿ, ಮಡಿಲಲ್ಲಿಟ್ಟುಕೊಂಡಳು.

ಗಂಡ ಫೋನು ಹಿಡಿದು ನಿಂತೇ ಇದ್ದ. ಫೋನು ನೆಟ್ಟಗೆ ಅವಳ ಕಡೆಗೇ ಇತ್ತು.

"ಯಾರೇ ಅದು ಮಣೆ ಮೇಲೆ ಕೂತಿರೋದು?" ಅತ್ತೆಯ ದನಿ ಕೇಳಿಸಿತು. "ನಾನದನ್ನ ನನ್ನ ಮಗನಿಗೆ ಅಂತ ಕಳಿಸಿದ್ದು."

"ಅವರನ್ನೇ ಕೂರಿಸಿದ್ದೆ ಅತ್ತೆ. ಭಾವ ಏಳು ಅಂದ್ರು, ಎದ್ಬಿಟ್ರು."

"ಮಡಿಲಲ್ಲೇನೇ ಅದು?"

"ನೀವು ಕಳಿಸಿದ್ದ ಗುಂಡು."

"ಏನಮ್ಮಾ ಇದು ಹುಚ್ಚಾಟ?" ಮೇಸ್ತ್ರಿ ಭಾವ ಸೊಂಟದ ಮೇಲೆ ಕೈಯಿಟ್ಟಿರಬೇಕು, ದನಿಯಲ್ಲೇ ಗೊತ್ತಾಗುತ್ತಿತ್ತು. "ಏಳು, ಏಳು ಮೇಲೆ. ನೋಡಿದವರು ನಗ್ತಾರೆ."

"ಏಳಲ್ಲ ಭಾವ."

ಆ ಮನೆಯಲ್ಲಿ ಈ ಮಾತನ್ನು ಅವನಿಗೆ ಯಾರೂ ಹೇಳಿದ್ದಿಲ್ಲ. ಫೋನಿನ ಆಚೆ ಅತ್ತೆ ಏನೋ ಗೊಣಗಿದರು, ಭಾವ ಕೆಮ್ಮಿದ, ಕೊನೆಗೆ ತೆರೆ ಕಪ್ಪಾಯಿತು. ಬೈಂಡರಮ್ಮ ಬಗ್ಗಿ ರಟ್ಟಿನ ಅಂಚಿಗೆ ಬೆರಳು ತಾಗಿಸಿ ನೋಡಿದಳು. ನೇರವಾಗಿತ್ತು. ಮಧ್ಯಾಹ್ನದವರೆಗೆ ಹೀಗೇ ಕೂತರೆ ನಾಳೆ ಗ್ರಂಥಾಲಯದ ಹೆಂಗಸಿನ ಮುಂದೆ ಧೈರ್ಯವಾಗಿ ಇಡಬಹುದು. ತೊಡೆ ಆಗಲೇ ನೋಯತೊಡಗಿತ್ತು. ನೋಯಲಿ, ತೊಡೆ ತನ್ನದು.

ಗಂಡ ಫೋನನ್ನು ಜೇಬಿಗಿಟ್ಟ, ತೆಗೆದ, ಮತ್ತೆ ಇಟ್ಟ. ಸೂರು ನೋಡಿದ. ಬಚ್ಚಲಿನ ಕಡೆ ಒಂದು ಹೆಜ್ಜೆ ಹಾಕಿ ತಿರುಗಿ ಬಂದ.

"ನಾನೀಗ ಏನ್ ಮಾಡ್ಲಿ?" ಎಂದ.

ಬೈಂಡರಮ್ಮ ತಲೆಯೆತ್ತಲಿಲ್ಲ.

"ನಿಮ್ಮಣ್ಣನ್ನ ಕೇಳಿ."